ದ್ವೀಪತೀರದಲ್ಲಿ ಸಿಲುಕಿದ ಹಡಗು: ತೆರವು ಏಕೆ ತುರ್ತು?

ಉತ್ತರ ಕನ್ನಡ ಕರಾವಳಿ ಜಿಲ್ಲೆ. ಅಲ್ಲಿನ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಇಂಥ ದ್ವೀಪದಲ್ಲಿ ಮೀನುಗಾರಿಕಾ ಹಡಗು ಸಿಲುಕಿದರೆ ಬೇಗ ತೆರವುಗೊಳಿಸುವುದೇ ಲೇಸು. ಪೆಸಿಫಿಕ್‌ನ ಪಾಲ್ಮೈರಾ ಹವಳದ್ವೀಪ ಇದಕ್ಕೆ ಸಾಕ್ಷಿ. ಅಲ್ಲಿ 1991ರಲ್ಲಿ ತೈವಾನ್‌ನ ಮೀನುಗಾರಿಕಾ ಹಡಗೊಂದು ಸಿಲುಕಿತು. ಅದರ ಸುತ್ತ ಹವಳವನ್ನು ಹೋಲುವ ಆಕ್ರಮಣಕಾರಿ ಜೀವಿ ಹಬ್ಬಿ, ನಿಜವಾದ ಹವಳವನ್ನು ಮುಚ್ಚಿಹಾಕಿತು. ಹಡಗಿನಿಂದ ಕರಗುವ ಕಬ್ಬಿಣವೇ ಅದಕ್ಕೆ ಪೋಷಣೆಯಾಗಿರಬಹುದೆಂದು ವಿಜ್ಞಾನಿಗಳು ಊಹಿಸಿದರು. ಅವಶೇಷ ತೆರವಾದದ್ದು ಎರಡು ದಶಕಗಳ ಬಳಿಕ.

ಹಡಗೇ ಕೃತಕ ದಿಬ್ಬವಾಗಿ ಮೀನಿಗೆ ಆಸರೆಯಾಗದೇ ಎಂಬ ಆಕ್ಷೇಪವಿದೆ. ಯೋಜಿತ ದಿಬ್ಬಕ್ಕೆ ಹಡಗನ್ನು ಮುಳುಗಿಸುವ ಮೊದಲು ತೈಲ, ಬಲೆ, ಬಣ್ಣ ತೆಗೆಯುತ್ತಾರೆ; ಅಪಘಾತದಲ್ಲಿ ಆ ಶುದ್ಧೀಕರಣವಿಲ್ಲ. ಎಳೆಯುವಾಗಲೇ ಹವಳ ಮುರಿಯುತ್ತದೆಂಬ ಮಾತು ನಿಜ. ಆದ್ದರಿಂದ ಮೊದಲು ಇಂಧನ ಹೊರತೆಗೆದು, ಭಾರ ಇಳಿಸಿ, ಉಬ್ಬರದಲ್ಲಿ ತೇಲಿಸಬೇಕು; ಆಗದಿದ್ದರೆ ಸ್ಥಳದಲ್ಲೇ ತುಂಡರಿಸಬೇಕು. ವೆಚ್ಚ ಯಾರು ಭರಿಸಬೇಕೆಂಬ ಆಕ್ಷೇಪಕ್ಕೆ ಕಾನೂನೇ ಉತ್ತರಿಸುತ್ತದೆ. ಹಡಗಿನ ರಕ್ಷಣೆ ಫಲಿಸದಿದ್ದರೆ ರಕ್ಷಕರಿಗೆ ಸಂಭಾವನೆಯಿಲ್ಲ ಎಂಬುದು ಹಳೆಯ ನಿಯಮ. ಆದರೆ 1989ರ ಅಂತರರಾಷ್ಟ್ರೀಯ ಸಾಲ್ವೇಜ್ (ಹಡಗು ರಕ್ಷಣೆ) ಒಪ್ಪಂದದ 14ನೇ ವಿಧಿ ಪರಿಸರಹಾನಿ ತಡೆಯಲು ದುಡಿದವರಿಗೆ ವಿಶೇಷ ಪರಿಹಾರ ನೀಡಿತು. 2007ರ ನೈರೋಬಿ ಒಪ್ಪಂದ ಅಪಾಯಕಾರಿ ಅವಶೇಷ ತೆಗೆಯುವ ಹೊಣೆಯನ್ನು ಹಡಗಿನ ಮಾಲೀಕರ ಮೇಲೆ ಹೊರಿಸುತ್ತದೆ. ಅದು ಜಾರಿಯಾದದ್ದು 2015ರ ಏಪ್ರಿಲ್ 14ರಂದು.