ರೆಪ್ಪೆ ನೋಡಿ ಉಗುರು ಕೇಳುವುದು

ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು, ಸುಮಾರು ಅರ್ಧ ಮಿಲಿಮೀಟರ್. ಅದಕ್ಕೇ ಏನು ತಾಗಿದರೂ ಬೇಗ ಕೆರಳುತ್ತದೆ. ತಾಲ್ಲೂಕು ಕೇಂದ್ರದ ನನ್ನ ಕ್ಲಿನಿಕ್ಕಿಗೆ ಕಣ್ಣ ಸುತ್ತ ತುರಿಕೆ, ಊತ, ಕಪ್ಪು ಎಂದು ಬರುವವರಲ್ಲಿ ಬಹಳ ಜನ ಅಷ್ಟರಲ್ಲಾಗಲೇ ಸ್ಟೀರಾಯ್ಡ್ ಮುಲಾಮು ಹಚ್ಚಿರುತ್ತಾರೆ. ಎರಡು ದಿನದಲ್ಲಿ ತುರಿಕೆ ತಗ್ಗುತ್ತದೆ, ಬಿಟ್ಟರೆ ಮರುಕಳಿಸುತ್ತದೆ, ಮತ್ತೆ ಅದೇ ಟ್ಯೂಬು. ಹೀಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನಷ್ಟು ತೆಳುವಾಗುವುದಲ್ಲದೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು.

ಇದು ನಿಲ್ಲಬೇಕಾದರೆ ಕಾರಣವನ್ನೇ ಹುಡುಕಬೇಕು; ಅದನ್ನು ನಾನು ಕಲಿತದ್ದು ಒಂದು ಸಿಎಂಇಯಲ್ಲಿ. ವೈದ್ಯರು ಐದು ವರ್ಷಕ್ಕೆ 30 ಗಂಟೆಯಾದರೂ ಮುಂದುವರಿದ ಶಿಕ್ಷಣ (ಸಿಎಂಇ) ಪಡೆಯಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಸಿಎಂಇ ಎಂದರೆ ಸಹಿ, ಕ್ರೆಡಿಟ್, ಊಟ ಎಂದುಕೊಂಡವರೂ ಇದ್ದಾರೆ. ನನಗೆ ಪ್ರಯೋಜನಕ್ಕೆ ಬಂದದ್ದು ಮಾತ್ರ ಒಬ್ಬ ಚರ್ಮತಜ್ಞೆ ನಡೆಸಿದ ಸಣ್ಣ ಸಭೆ. ಅವರು ಔಷಧಿಗಳ ಪಟ್ಟಿ ತೋರಿಸಲಿಲ್ಲ. ರೆಪ್ಪೆಯ ಫೋಟೋ ಹಾಕಿ, "ಈಗ ಏನು ಕೇಳುತ್ತೀರಿ?" ಎಂದರು. ನಾವೆಲ್ಲ ಕಾಡಿಗೆ ಎಂದೆವು. ಅವರು ಉಗುರಿನ ಬಣ್ಣ ಕೇಳಿ ಎಂದರು. ನೇಲ್ ಪಾಲಿಶ್‌ನಲ್ಲಿರುವ ರಾಳ ಒಗ್ಗದಿದ್ದರೂ ಬೆರಳಿನ ದಪ್ಪ ಚರ್ಮ ಸುಮ್ಮನಿರುತ್ತದೆ. ಅರಿವಿಲ್ಲದೆ ಕಣ್ಣುಜ್ಜಿಕೊಂಡಾಗ ರೆಪ್ಪೆ ಉರಿದೇಳುತ್ತದೆ. ತಲೆಗೆ ಹಚ್ಚುವ ಡೈ ಕೂಡ ಹಾಗೆಯೇ. ಕಣ್ಣಿಗೆಂದೇ ಬಿಟ್ಟುಕೊಳ್ಳುವ ಹನಿಮದ್ದಿನಿಂದಲೂ ಆಗಬಹುದು.

ಕೆಲವು ವಾರಗಳಲ್ಲೇ ಪಾರ್ಲರ್ ನಡೆಸುವ ಒಬ್ಬ ಹೆಣ್ಣುಮಗಳು ಬಂದರು. "ಕಾಡಿಗೆ ಬಿಟ್ಟು ಎಷ್ಟೋ ತಿಂಗಳಾಯ್ತು ಡಾಕ್ಟ್ರೇ, ಆದ್ರೂ ನಿಂತಿಲ್ಲ" ಎಂದರು. ಉಗುರಿನ ವಿಷಯ ಕೇಳಿದೆ. "ಅದು ನಮ್ ಕಸುಬಲ್ವಾ, ದಿನಾ ಹಚ್ತೀನಿ." ಅಲರ್ಜಿ ಯಾವುದಕ್ಕೆಂದು ಹುಡುಕುವ ಪ್ಯಾಚ್ ಟೆಸ್ಟಿಗೆ ಜಿಲ್ಲಾ ಕೇಂದ್ರಕ್ಕೆ ಕಳಿಸಿದೆ. ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆಯ ಬಳಿಕ ತೆಗೆದು ನೋಡಿ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ತಡವಾಗಿ ಏಳುವ ಅಲರ್ಜಿ ಆ ಎರಡನೇ ನೋಟದಲ್ಲೇ ಸಿಗುವುದುಂಟು. ಅವರಿಗೆ ಸಿಕ್ಕಿದ್ದೂ ಆಗಲೇ, ಆ ರಾಳಕ್ಕೇ. ಬಣ್ಣ ಬಿಟ್ಟ ಮೇಲೆ ರೆಪ್ಪೆ ತಿಳಿಯಾಯಿತು.

ಆ ಸಭೆಯಲ್ಲಿ ಕಲಿತ ಇನ್ನೊಂದನ್ನು ನಾನು ಇದಕ್ಕಿಂತಲೂ ದೊಡ್ಡದೆಂದು ಎಣಿಸುತ್ತೇನೆ. ಚರ್ಮದ ಜೊತೆಗೆ ಸ್ನಾಯುಗಳನ್ನೂ ಕಾಡುವ ಡರ್ಮಟೋಮಯೋಸೈಟಿಸ್ ಎಂಬ ಕಾಯಿಲೆಯಲ್ಲಿ ಮೇಲ್ರೆಪ್ಪೆ ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಳ್ಳುತ್ತದೆ. ನಾವು ಓದಿದ ಪುಸ್ತಕಗಳ ಚಿತ್ರಗಳು ಬಹುತೇಕ ಬಿಳಿ ಚರ್ಮದವು. ನಮ್ಮ ಕಂದು ಮೈಯಲ್ಲಿ ಆ ನೇರಳೆ ಬರೀ ಕಪ್ಪಾಗಿ ಕಂಡು, ನಿದ್ದೆಗೆಟ್ಟ ಕಣ್ಣು ಎನಿಸಿಬಿಡುತ್ತದೆ. ಹಾಗಾಗಿ ಈಗ ಕೇಳುತ್ತೇನೆ: ತಲೆ ಬಾಚುವಾಗ ತೋಳು ಸೋಲುತ್ತಾ? ಕುಕ್ಕರಗಾಲಲ್ಲಿ ಕೂತರೆ ಏಳಲು ಕಷ್ಟವೇ? ಹೌದೆಂದರೆ ಸ್ನಾಯುಗಳ ತಪಾಸಣೆ ಆಗಲೇಬೇಕು. ದೊಡ್ಡವರಲ್ಲಿ ಇದರ ಹಿಂದೆ ಕ್ಯಾನ್ಸರ್ ಅಡಗಿರುವುದೂ ಉಂಟು.

ರೆಪ್ಪೆ ಕಣ್ಣಿನವರದೋ ಚರ್ಮದವರದೋ ಎಂಬ ಗೊಂದಲದಲ್ಲಿ ರೋಗಿ ಎರಡು ಬಾಗಿಲು ಅಲೆಯುತ್ತಾರೆ. ಮುಂದಿನ ಸಿಎಂಇಯಲ್ಲಿ ಇಬ್ಬರು ತಜ್ಞರನ್ನೂ ಒಂದೇ ವೇದಿಕೆಗೆ ಕರೆಸಿ, ನಮ್ಮ ಜಿಲ್ಲೆಯ ರೋಗಿಗಳ ಫೋಟೋಗಳನ್ನೇ ಅವರ ಒಪ್ಪಿಗೆ ಪಡೆದು ತೋರಿಸಿ ಎಂದು ನಮ್ಮ ವೈದ್ಯರ ಸಂಘಕ್ಕೆ ಬರೆದು ಕೊಟ್ಟಿದ್ದೇನೆ.