ಒಂದೇ ಪದ, ಹಲವು ಕಾಗುಣಿತ

ಸ್ಕಾಟ್ಲೆಂಡಿನ ದೇಶಭಾಷೆಗಳಲ್ಲಿ ಸ್ಕಾಟ್ಸ್ ಎಂಬುದೊಂದು. ಕೆಲ್ಟಿಕ್ ಶಾಖೆಯ ಗೇಲಿಕ್ ಬೇರೆ, ಇದು ಬೇರೆ. ಇದು ಇಂಗ್ಲಿಷಿನ ಒಡಹುಟ್ಟು. ಹಳೆಯ ಇಂಗ್ಲಿಷಿನ ಉತ್ತರ ಪ್ರಭೇದದಿಂದ ಬೆಳೆದು ಬಂದುದು. ಕವಿ ರಾಬರ್ಟ್ ಬರ್ನ್ಸ್ (1759–1796) ಹೆಸರಾದದ್ದು ಈ ನುಡಿಯ ಪದ್ಯಗಳಿಂದ. 2011ರ ಜನಗಣತಿಯಲ್ಲಿ ಸುಮಾರು 15 ಲಕ್ಷ ಜನ ತಾವು ಸ್ಕಾಟ್ಸ್ ಮಾತನಾಡಬಲ್ಲೆವೆಂದು ತಿಳಿಸಿದರು. ಆದರೆ ಎಲ್ಲರೂ ಒಪ್ಪಿ ನಡೆಯುವ ಕಾಗುಣಿತವೊಂದು ಈ ಭಾಷೆಗೆ ಇಲ್ಲ. ಹೀಗಿರುವಾಗ, ಹಲವು ರೂಪಗಳಲ್ಲಿ ಬರೆದ ಒಂದೇ ಪದವನ್ನು ಗಣಕಯಂತ್ರವು ಗುರುತಿಸುವ ಬಗೆ ಹೇಗೆಂಬುದನ್ನು ಈ ಪುಟ್ಟ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇನೆ.

ಇದರ ಕಾರಣವನ್ನು ಚರಿತ್ರೆಯಲ್ಲಿ ಹುಡುಕಬೇಕು. ಹದಿನಾರನೆಯ ಶತಮಾನದಲ್ಲಿ ಸ್ಕಾಟ್ಸ್ ಅಲ್ಲಿನ ಅರಮನೆಯ ಹಾಗೂ ಸಂಸತ್ತಿನ ಭಾಷೆಯಾಗಿತ್ತು. 1603ರಲ್ಲಿ ದೊರೆ ಆರನೆಯ ಜೇಮ್ಸ್ ಇಂಗ್ಲೆಂಡಿಗೂ ಅರಸನಾಗಿ ಲಂಡನ್ನಿಗೆ ಹೋದನು. 1707ರಲ್ಲಿ ಎರಡು ಸಂಸತ್ತುಗಳೂ ಒಂದಾದವು. ಬರವಣಿಗೆಯ ಗೌರವವೆಲ್ಲ ಇಂಗ್ಲಿಷಿನ ಪಾಲಾಯಿತು. ಸ್ಕಾಟ್ಸ್ ಬರೆಯುವವರು, ಇಂಗ್ಲಿಷಿನ ಯಾವುದೋ ಅಕ್ಷರ ಬಿಟ್ಟುಹೋಗಿದೆ ಎಂಬಂತೆ, ತಮ್ಮ ಪದಗಳಿಗೆ ಲೋಪಚಿಹ್ನೆ ಹಾಕತೊಡಗಿದರು. 1947ರಲ್ಲಿ ಎಡಿನ್‌ಬರೋದ ಕವಿಗಳ ಕೂಟವೊಂದು ಆ ಚಿಹ್ನೆಯನ್ನು ಕೈಬಿಟ್ಟು ಬರೆಯುವ ಕ್ರಮವನ್ನು ಸೂಚಿಸಿತು. ಆದರೂ ಏಕರೂಪತೆ ಬರಲಿಲ್ಲ.

ಒಂದು ಉದಾಹರಣೆ ನೋಡೋಣ. ‘ಒಳ್ಳೆಯ’ ಎಂಬ ಅರ್ಥದ ಪದವನ್ನು ಕೆಲವರು ಜಿ-ಯು-ಐ-ಡಿ ಎಂದೂ, ಕೆಲವರು ಜಿ-ಯು-ಡಿ-ಇ ಎಂದೂ ಬರೆಯುತ್ತಾರೆ. ಯಂತ್ರಕ್ಕೆ ಇವು ಬೇರೆ ಬೇರೆ ಪದಗಳು. ಇವನ್ನು ಕೂಡಿಸಲು ಸುಲಭವೆಂದು ತೋರುವ ದಾರಿ, 1965ರಲ್ಲಿ ರಷ್ಯದ ಗಣಿತಜ್ಞ ಲೆವೆನ್‌ಸ್ಟೈನ್ ಪ್ರಕಟಿಸಿದ ಅಳತೆ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂಬ ಕನಿಷ್ಠ ಸಂಖ್ಯೆಯೇ ಅವುಗಳ ದೂರ. ಕಾಗದದ ಮೇಲೆ ಎಣಿಸಿದಾಗ ನನಗೆ ಬಂದ ಲೆಕ್ಕ ಹೀಗಿದೆ: ಮೇಲಿನ ಎರಡು ರೂಪಗಳ ನಡುವಣ ದೂರ 2, ಆದರೆ ಮೊದಲ ರೂಪಕ್ಕೂ ‘ಗೈಡ್’ ಎಂಬ ಇಂಗ್ಲಿಷ್ ಪದಕ್ಕೂ ದೂರ 1 ಮಾತ್ರ. ನೆಂಟನಿಗಿಂತ ನೆರೆಯವನೇ ಹತ್ತಿರನಾದನು!

ಎರಡನೆಯ ದಾರಿ ಸೌಂಡೆಕ್ಸ್. ಅಮೆರಿಕದಲ್ಲಿ ಕುಲನಾಮಗಳನ್ನು ಹುಡುಕಲೆಂದು 1918ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಮೊದಲಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ವ್ಯಂಜನಗಳಿಗೆ ಅಂಕೆ ಕೊಡುವುದು ಇದರ ಕ್ರಮ. ಇಲ್ಲಿ ಮೇಲಿನ ಎರಡು ರೂಪಗಳೂ ಜಿ-300 ಎಂದು ಒಂದಾಗುತ್ತವೆ. ಆದರೆ ಆಡಿನ ಹೆಸರಾದ ‘ಗೋಟ್’, ಬಾಗಿಲಿನ ಹೆಸರಾದ ‘ಗೇಟ್’ ಕೂಡ ಅದೇ ಜಿ-300. ಈ ಜರಡಿಯ ಕಣ್ಣು ಬಹಳ ದೊಡ್ಡದು.

ಆದುದರಿಂದ ಭಾಷೆಯನ್ನು ಬಲ್ಲ ನಿಯಮಗಳು ಬೇಕು. ಹಳಗನ್ನಡದ ‘ಪಾಲ್’ ಇಂದಿನ ‘ಹಾಲು’ ಆದದ್ದು ಒಂದು ನಿಯಮದಂತೆ ನಡೆದದ್ದೆಂದು ನಾವು ವ್ಯಾಕರಣದಲ್ಲಿ ಓದಿದ್ದೇವಲ್ಲವೆ? ಹಾಗೆಯೇ ಸ್ಕಾಟ್ಸ್‌ನಲ್ಲಿ ಯು-ಐ ಎಂಬ ಜೋಡಿಗೂ, ನಡುವೆ ಯು ಬಂದು ಕೊನೆಗೆ ಇ ಬರುವ ಕ್ರಮಕ್ಕೂ ಪರಸ್ಪರ ವಿನಿಮಯವುಂಟು. ಈ ಬದಲಾವಣೆಗೆ ಕಡಿಮೆ ದಂಡ, ಇತರ ಬದಲಾವಣೆಗಳಿಗೆ ಹೆಚ್ಚು ದಂಡ ಎಂದು ಯಂತ್ರಕ್ಕೆ ಕಲಿಸಿದರೆ ನೆಂಟನೇ ಹತ್ತಿರವಾಗುತ್ತಾನೆ.

ಪ್ರಾಂತಭೇದ ಇದಕ್ಕಿಂತಲೂ ಕಠಿಣ. ‘ಏನು’ ಎಂಬ ಪದವನ್ನು ಹಳೆಯ ಸ್ಕಾಟ್ಸ್‌ನಲ್ಲಿ ಕ್ಯೂ-ಯು-ಹೆಚ್-ಎ-ಟಿ ಎಂದು ಬರೆಯುತ್ತಿದ್ದರು. ಇಂದು ಹಲವೆಡೆ ‘ವಿಟ್’ ಎನ್ನುತ್ತಾರೆ. ಈಶಾನ್ಯದ ಅಬರ್ಡೀನ್ ಸೀಮೆಯಲ್ಲಿ ‘ಫಿಟ್’. ಅಲ್ಲಿ ಕುಶಲ ವಿಚಾರಿಸುವ ಮಾತೇ ‘ಫಿಟ್ ಲೈಕ್’. ಮೊದಲ ರೂಪಕ್ಕೂ ಕೊನೆಯದಕ್ಕೂ ಲೆವೆನ್‌ಸ್ಟೈನ್ ದೂರ 4. ಸೌಂಡೆಕ್ಸಿನಲ್ಲಿ ಮೊದಲಕ್ಷರಗಳೇ ಬೇರೆ. ಸಾಲದೆಂಬಂತೆ ಬೇರೆ ಪ್ರಾಂತಗಳಲ್ಲಿ ‘ಫಿಟ್’ ಎಂದರೆ ಪಾದ. ಇಲ್ಲಿ ಅಕ್ಷರ ಎಣಿಸಿದರೆ ಸಾಲದು. ಬರೆದವನ ಊರನ್ನೂ ಅಕ್ಕಪಕ್ಕದ ಪದಗಳನ್ನೂ ನೋಡಿಯೇ ನಿರ್ಣಯಿಸಬೇಕು.

ಈ ಕಾರ್ಯಕ್ಕೆ ದೊಡ್ಡ ಆಧಾರ ನಿಘಂಟು. ಸ್ಕಾಟಿಷ್ ನ್ಯಾಷನಲ್ ಡಿಕ್ಷನರಿ 1931ರಿಂದ 1976ರವರೆಗೆ ಹತ್ತು ಸಂಪುಟಗಳಲ್ಲಿ ಹೊರಬಂದಿತು. ಹಳೆಯ ಸ್ಕಾಟ್ಸ್‌ನ ನಿಘಂಟು 2002ರಲ್ಲಿ ಮುಗಿಯಿತು. 2004ರಲ್ಲಿ ಇವೆರಡೂ ಅಂತರಜಾಲದಲ್ಲಿ ಒಟ್ಟಾಗಿ ದೊರೆಯುವಂತಾದವು. ಪ್ರತಿಯೊಂದು ಮುಖ್ಯ ಪದದ ಕೆಳಗೂ ಅದರ ನಾನಾ ರೂಪಗಳನ್ನು ಅಲ್ಲಿ ಕೊಟ್ಟಿದ್ದಾರೆ. ಯಂತ್ರವು ಮೊದಲು ಈ ಪಟ್ಟಿಯನ್ನು ನೋಡಬೇಕು. ಅಲ್ಲಿ ಸಿಗದಿದ್ದರೆ ನಿಯಮ. ನಿಯಮದಿಂದ ಹಲವು ಉತ್ತರ ಬಂದರೆ ಸಂದರ್ಭ. ಆಗಲೂ ಸಂಶಯ ಉಳಿದರೆ ಮನುಷ್ಯನನ್ನೇ ಕೇಳಬೇಕು.

ಕೊನೆಯದಾಗಿ ಒಂದು ಮಾತು. ಇಂಗ್ಲಿಷ್ ಕಾಗುಣಿತವನ್ನು ತಿದ್ದುವ ಯಂತ್ರದ ಮುಂದೆ ಸ್ಕಾಟ್ಸ್ ಪುಟವನ್ನಿಟ್ಟರೆ ಅದು ಪುಟದ ತುಂಬ ಕೆಂಪು ಗೆರೆ ಎಳೆಯುತ್ತದೆ. ಶಾಲೆಗಳಲ್ಲಿ ಬಹುಕಾಲ ಸ್ಕಾಟ್ಸ್ ಎಂದರೆ ಕೆಟ್ಟ ಇಂಗ್ಲಿಷ್ ಎಂಬ ಭಾವನೆಯಿತ್ತು. ಈ ಗೆರೆ ಅದನ್ನೇ ಮತ್ತೆ ಹೇಳುತ್ತದೆ. ಜೋಡಿಸುವುದು ಬೇರೆ, ತಿದ್ದುವುದು ಬೇರೆ. ಬರೆದವನ ಅಕ್ಷರವನ್ನು ಇದ್ದಂತೆಯೇ ಉಳಿಸಿ, ಅದರ ಬೆನ್ನಿಗೆ ನಿಘಂಟಿನ ಮುಖ್ಯ ಪದವನ್ನು ಗುರುತಾಗಿ ಕಟ್ಟಿದರೆ, ಹುಡುಕುವವನಿಗೆ ಎಲ್ಲ ರೂಪಗಳೂ ಸಿಗುತ್ತವೆ. ಅಬರ್ಡೀನಿನವನ ‘ಫಿಟ್’ ಕೂಡ ಅವನದಾಗಿಯೇ ಉಳಿಯುತ್ತದೆ. ಸಣ್ಣ ಭಾಷೆಗಳಿಗಾಗಿ ಯಂತ್ರ ಸಿದ್ಧಪಡಿಸುವವರು ಈ ಭೇದವನ್ನು ಮೊದಲು ಮನಗಾಣಬೇಕೆಂದು ನನ್ನ ಅಭಿಪ್ರಾಯ.