ಮಗಳ ಶೂ, ಅಮ್ಮನ ವ್ರತ

ಪ್ರಶ್ನೆ: ಊರಿನ ಅಂಗಡಿಯಲ್ಲೇ ಕೊಳ್ಳಬೇಕು, ಕೈಮಗ್ಗದ ಬಟ್ಟೆಯನ್ನೇ ಉಡಬೇಕು ಎಂದು ಹತ್ತು ವರ್ಷದಿಂದ ನಡೆದುಕೊಂಡು ಬಂದವಳು ನಾನು. ಈಗ ಓಟದ ಸ್ಪರ್ಧೆಗೆ ಆಯ್ಕೆಯಾದ ಮಗಳಿಗೆ ದೊಡ್ಡ ಕಂಪನಿಯ ಶೂವನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಮನಸ್ಸು ಚುಚ್ಚುತ್ತಿದೆ.
– ಒಬ್ಬ ತಾಯಿ, ಹರಿಯಬ್ಬೆ

ಉತ್ತರ: ಅಮ್ಮಾ, ಮಗಳ ಹಿಮ್ಮಡಿಯಲ್ಲಿ ಬೊಬ್ಬೆ ಒಡೆದು ಕಾಲುಚೀಲಕ್ಕೆ ರಕ್ತ ಅಂಟಿತ್ತು ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಆ ಕಾಲುಚೀಲ ನೋಡಿದ ಮೇಲೂ ನೀವು ಸುಮ್ಮನಿದ್ದಿದ್ದರೆ ಅದೇ ತಪ್ಪಾಗುತ್ತಿತ್ತು.

ಹಸು, ಎಮ್ಮೆಯ ಹಾಲು ಮುಟ್ಟುವುದಿಲ್ಲ ಎಂದು ವ್ರತ ತೊಟ್ಟಿದ್ದ ಗಾಂಧೀಜಿ 1918ರಲ್ಲಿ ಕಾಯಿಲೆಯಿಂದ ಹಾಸಿಗೆ ಹಿಡಿದರು. ಕೊನೆಗೆ ಕಸ್ತೂರಬಾ ಹೇಳಿದಂತೆ ಮೇಕೆ ಹಾಲು ಕುಡಿದರು. ವ್ರತದ ಮಾತು ಉಳಿದರೂ ಅದರ ಆಶಯ ಮುರಿಯಿತು, ಅದು ತಮ್ಮನ್ನು ಕಾಡುತ್ತಲೇ ಇದೆ ಎಂದು ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಆದರೆ ಆ ಒಂದು ಕಾರಣಕ್ಕೆ ಉಳಿದ ವ್ರತಗಳನ್ನು ಕೈಬಿಡಲಿಲ್ಲ. ನಿಮ್ಮ ಕಳವಳವೂ ಅಂಥದ್ದೇ. ನಿಷ್ಠೆ ಜೀವಂತವಾಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ನೀವು ಮಾಡಬೇಕಾದದ್ದು ಇಷ್ಟು. ಮಗಳ ಎದುರು ಶೂ ಬಗ್ಗೆ ನೊಂದುಕೊಳ್ಳಬೇಡಿ, ಆ ಭಾರ ಅವಳ ಕಾಲಿಗೆ ಬೀಳುತ್ತದೆ. ಏಕೆ ತರಿಸಿದಿರಿ, ಉಳಿದದ್ದನ್ನು ಊರಲ್ಲೇ ಏಕೆ ಕೊಳ್ಳುತ್ತೀರಿ ಎಂದು ಬಿಡಿಸಿ ಹೇಳಿ. ಹೊಲಿಗೆ ಬಿಟ್ಟರೆ ಹತ್ತಿರದ ಚಮ್ಮಾರರಲ್ಲೇ ಹೊಲಿಸಿ; ಚಿಕ್ಕದಾದರೆ ಇನ್ನೊಂದು ಮಗುವಿಗೆ ಕೊಡಿ. ಚಳಿಗಾಲಕ್ಕೆ ನಮ್ಮ ಜಿಲ್ಲೆಯದೇ ಆದ ಚಳ್ಳಕೆರೆಯ ಕೈಮಗ್ಗದ ಕಂಬಳಿಯೊಂದನ್ನು ಅವಳ ಕೈಯಿಂದಲೇ ಆರಿಸಿ ತನ್ನಿ.

ಕೊಳ್ಳುವ ನಿಯಮ ಹುಟ್ಟಿದ್ದೇ ನೇಕಾರರ, ಅಂಗಡಿಯವರ ಮೇಲಿನ ಕರುಣೆಯಿಂದ. ಆ ಕರುಣೆಯಲ್ಲಿ ನಿಮ್ಮ ಮಗಳಿಗೂ ಪಾಲಿದೆ.